ಗ್ರಿಲ್ಲಿನ ಬೂದಿ ಗೊಬ್ಬರದ ಗುಂಡಿಗೆ ಆದೀತೇ?

ಪ್ರಶ್ನೆ: ಕೊಲ್ಲಿಯಿಂದ ರಜೆಗೆ ಬಂದ ಮಗ ಗ್ರಿಲ್ ತಂದಿದ್ದಾನೆ. ಅಂಗಳದಲ್ಲಿ ಕೋಳಿ, ಮೀನು ಸುಟ್ಟು ಅರ್ಧ ಬಕೆಟ್ ಬೂದಿಯಾಗಿದೆ. ಗೊಬ್ಬರದ ಗುಂಡಿಗೆ ಸುರಿಯಬಹುದೇ? ಬಸಳೆ, ಅಲಸಂಡೆಗೆಲ್ಲ ಅದೇ ಗೊಬ್ಬರ.
– ಓದುಗರೊಬ್ಬರು, ಕುಂಬಳೆ

ಉತ್ತರ: ಉರಿಸಿದ್ದು ಏನನ್ನು ಎಂದು ಮೊದಲು ಮಗನಲ್ಲಿ ಕೇಳಿ ಅಕ್ಕಾ. ಬರೀ ಗೆರಟೆ ಮಸಿ ಅಥವಾ ಕಟ್ಟಿಗೆಯ ಇದ್ದಿಲಾದರೆ ನಿಮ್ಮ ಒಲೆಯ ಬೂದಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಂಗಡಿಯ ಪೊಟ್ಟಣದಲ್ಲಿ ಬರುವ, ಒಂದೇ ಅಳತೆಯ ಇದ್ದಿಲ ಬಿಲ್ಲೆಗಳಾದರೆ ಮೇಲೆ ಬರೆದದ್ದನ್ನು ಓದಿ. ಕೆಲವದರಲ್ಲಿ ಕಲ್ಲಿದ್ದಲ ಪುಡಿ ಇರುತ್ತದೆ, ಬೇಗ ಹೊತ್ತಿಕೊಳ್ಳಲೆಂದು ರಾಸಾಯನಿಕ ಸೇರಿಸಿದ್ದೂ ಉಂಟು. ಆ ಬೂದಿ ನಾವು ತಿನ್ನುವ ಬೆಳೆಗೆ ಬೇಡ. ಪೈಂಟ್ ಬಳಿದ ಹಳೇ ಕಿಟಕಿಯ ಮರ ಉರಿಸಿದ್ದರೂ ಬೇಡ. ಹಳೇ ಪೈಂಟಿನಲ್ಲಿ ಸೀಸ ಇರಬಹುದು, ಅದು ಬೆಂಕಿಗೆ ನಾಶವಾಗದೆ ಬೂದಿಯಲ್ಲೇ ಉಳಿಯುತ್ತದೆ. ಕೋಳಿಯ ಕೊಬ್ಬು ಬಿದ್ದು ಗಂಟುಕಟ್ಟಿದ್ದನ್ನೂ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಹೆಗ್ಗಣ ಬಂದು ಗುಂಡಿ ಕೆದಕುತ್ತದೆ.

ಒಳ್ಳೆಯ ಬೂದಿಯನ್ನೂ ಒಟ್ಟಿಗೆ ಸುರಿಯಬೇಡಿ. ಬದಿಯಡ್ಕದ ನಮ್ಮ ತೋಟದಲ್ಲಿ ನಾನೇ ಒಮ್ಮೆ, ಬಚ್ಚಲೊಲೆಯಲ್ಲಿ ತಿಂಗಳಿಡೀ ಸೇರಿದ್ದ ಬೂದಿಯನ್ನು ಹಸಿ ಸಗಣಿಯ ಮೇಲೆ ಸುರಿದಿದ್ದೆ. ಮರುದಿನ ಗುಂಡಿಯ ಹತ್ತಿರ ಹೋದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಬೂದಿ ಸುಣ್ಣದ ಹಾಗೆ ಕ್ಷಾರ. ಸಗಣಿ, ಗಂಜಳ, ಯೂರಿಯಾದ ಜೊತೆ ಸೇರಿದರೆ ಅವುಗಳ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆ ವರ್ಷದ ಹರಿವೆ ಹಳದಿ ಹಳದಿಯಾಗಿಯೇ ಎದ್ದಿತು. ಅಂದಿನಿಂದ ನನ್ನ ಲೆಕ್ಕ ಇಷ್ಟೇ: ಅರ್ಧ ಅಡಿ ದಪ್ಪದ ಸೊಪ್ಪು, ತರಗೆಲೆಯ ಪದರಕ್ಕೆ ಒಂದು ಗೆರಟೆ ಬೂದಿ, ಅದೂ ಉದುರಿಸಿ. ಎರೆಹುಳದ ತೊಟ್ಟಿಗೆ ಹಾಕುವುದೇ ಇಲ್ಲ. ಮಡಲು ಕತ್ತರಿಸಿ ಎರೆಗೊಬ್ಬರ ಮಾಡುತ್ತೇನೆ, ಆ ಹುಳಗಳಿಗೆ ಬೂದಿ ತಾಗಿದರೆ ಸುಡುತ್ತದೆ.

ಉಳಿದದ್ದನ್ನು ತೆಂಗಿಗೆ ಕೊಡಿ, ನನಗೆ ಅದೇ ಇಷ್ಟ. ಫಲ ಕೊಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಎಂದರೆ ಪೊಟಾಷ್ 1,200 ಗ್ರಾಂ ಎನ್ನುವುದು ಕೃಷಿ ಶಿಫಾರಸು. ಬೂದಿಯಲ್ಲಿ ಸಾರಜನಕ ಉರಿದುಹೋಗಿರುತ್ತದೆ, ಪೊಟಾಷ್ ಉಳಿದಿರುತ್ತದೆ. ಮಳೆಗೆ ತೊಳೆದು ಹುಳಿಯಾದ ನಮ್ಮ ಮುರಕಲ್ಲಿನ ಮಣ್ಣಿಗೆ ಅದರ ಸುಣ್ಣದ ಗುಣವೂ ಬೇಕು. ಬುಡಕ್ಕೆ ತಾಗಿಸದೆ ಸುತ್ತ ತೆಳ್ಳಗೆ ಉದುರಿಸಿ ಮಣ್ಣಿಗೆ ಸೇರಿಸಿ. ಅನಾನಸಿನ ಸಾಲಿಗೆ ಮಾತ್ರ ಬೇಡ, ಅದಕ್ಕೆ ಹುಳಿ ಮಣ್ಣೇ ಹಿತ.

ಬಕೆಟನ್ನು ಆಟಿಯ ಮಳೆಗೆ ಹೊರಗಿಡಬೇಡಿ, ಪೊಟಾಷ್ ಎಲ್ಲ ನೀರಲ್ಲಿ ಕರಗಿ ಹರಿದುಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ ಆದರೆ ಇವತ್ತೇ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಡಿ. ಮೇಲೆ ತಣ್ಣಗಾದ ಬೂದಿಯ ಅಡಿಯಲ್ಲಿ ಮರುದಿನವೂ ಕೆಂಡ ಇರುವುದುಂಟು.