ಫಿಲ್ಟರ್ ಕಟ್ಟಿದರೆ ಬಯೋಡೀಸೆಲ್‌ಗೆ ಬೈಯುವ ಮೊದಲು ಟ್ಯಾಂಕ್ ನೋಡಿ

ಮುಂಗಾರು ಹಿಡಿದು ಟಿಲ್ಲರು, ಟ್ರ್ಯಾಕ್ಟರು ಗದ್ದೆಗೆ ಇಳಿದ ಕೂಡಲೇ ಗಿಡದೆಣ್ಣೆ, ಕರಿದ ಎಣ್ಣೆಯಿಂದ ಮಾಡಿ ಡೀಸೆಲ್‌ಗೆ ಬೆರೆಸುವ ಬಯೋಡೀಸೆಲ್ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಊರು ಬೇರೆ, ಪ್ರಶ್ನೆ ಅದೇ. ಹಾಗಾಗಿ ಈ ಸಲ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ನಾನು ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು, ಅದನ್ನು ಸಿಲಿಂಡರಿನೊಳಗೆ ಸಿಡಿಸುವ ನಾಜಲ್ ರಿಪೇರಿ ಮಾಡುವವನು. ಬಯೋಡೀಸೆಲ್ ಅಂದರೇನು, ಅದರಿಂದ ಪರಿಸರಕ್ಕೆ ಎಷ್ಟು ಲಾಭ ಅನ್ನುವುದೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಬಿಚ್ಚಿದ ಪಂಪಿನೊಳಗೆ ಕಂಡದ್ದನ್ನು ಮಾತ್ರ ನಾನು ಹೇಳುತ್ತೇನೆ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಹದಿನೈದು ವರ್ಷದ ಹಳೇ ಟ್ರ್ಯಾಕ್ಟರ್‌ಗೆ ನೂರಕ್ಕೆ 20 ಭಾಗ ಬಯೋಡೀಸೆಲ್ ಬೆರೆಸಿ ಓಡಿಸುತ್ತಿದ್ದೇನೆ. ತಿಂಗಳೊಳಗೆ ಎರಡು ಸಲ ಫಿಲ್ಟರ್ ಕಟ್ಟಿತು. ಲೋಡ್ ಹಾಕಿ ಏರು ಹತ್ತಿಸಿದರೆ ಇಂಜಿನ್ ನಿಂತೇ ಹೋಗುತ್ತದೆ. ಬಯೋಡೀಸೆಲ್ ಪಂಪನ್ನು ತಿಂದುಹಾಕಿದೆ, ಸ್ವಲ್ಪ ಸೀಮೆಎಣ್ಣೆ ಬೆರೆಸಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಏನು ಮಾಡಲಿ?

ಸೀಮೆಎಣ್ಣೆ ಹಾಕಬೇಡಿ. ಪಂಪಿನೊಳಗೆ ಡೀಸೆಲ್ ಒತ್ತುವ ಎಲಿಮೆಂಟ್ ಸವೆಯದಂತೆ ಜಾರಿಕೆ ಕೊಡುವುದು ಅದರಲ್ಲಿ ಓಡುವ ಡೀಸೆಲ್ಲೇ. ಸೀಮೆಎಣ್ಣೆ ತೆಳು, ಅದಕ್ಕೆ ಆ ಗುಣ ಕಡಿಮೆ. ಈಗ ಬಂಕಿನಲ್ಲಿ ಸಿಗುವ ಬಿಎಸ್6 (ಹೊಗೆ ನಿಯಂತ್ರಣದ ಸರ್ಕಾರಿ ಮಾನದಂಡ) ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. ಗಂಧಕ ತೆಗೆಯುವ ಕ್ರಿಯೆಯಲ್ಲಿ ಡೀಸೆಲ್‌ನ ಸಹಜ ಜಾರಿಕೆಯೂ ಹೋಗುತ್ತದೆ, ಅದಕ್ಕೇ ಕಂಪನಿಯವರು ಬೇರೆ ರಾಸಾಯನಿಕ ಸೇರಿಸುತ್ತಾರೆ. ನೂರಕ್ಕೆ ಎರಡು ಭಾಗ ಒಳ್ಳೇ ಬಯೋಡೀಸೆಲ್ ಬಿದ್ದರೂ ಜಾರಿಕೆ ಹೆಚ್ಚುತ್ತದೆ. ಅಂದರೆ ಪಂಪಿಗೆ ಒಳ್ಳೇದು ಮಾಡುವುದನ್ನು ಬೈದು, ಸವೆಸುವುದನ್ನು ತಂದು ಸುರಿಯುತ್ತಿದ್ದೀರಿ.

ಹಾಗಾದರೆ ಫಿಲ್ಟರ್ ಕಟ್ಟಿದ್ದು ಯಾಕೆ? ಹದಿನೈದು ವರ್ಷದಲ್ಲಿ ನಿಮ್ಮ ಟ್ಯಾಂಕಿನ ತಳ ಮತ್ತು ಗೋಡೆಗೆ ಅಂಟು, ತುಕ್ಕು, ಮಡ್ಡಿ ಎಲ್ಲ ಹಿಡಿದು ಕೂತಿದೆ. ಬರೀ ಡೀಸೆಲ್ ಅದನ್ನು ಅಲುಗಿಸುವುದಿಲ್ಲ. ಬಯೋಡೀಸೆಲ್ ಕರಗಿಸಿ ಎಬ್ಬಿಸುತ್ತದೆ, ಎದ್ದ ಕೊಳೆ ನೇರ ಫಿಲ್ಟರಿಗೆ ಬರುತ್ತದೆ. ಹಳೇ ಗಾಡಿಯಲ್ಲಿ ಮೊದಲ ಒಂದೆರಡು ಫಿಲ್ಟರ್ ಹೀಗೆ ಹೋಗುವುದು ಸಹಜ. ಶುರು ಮಾಡುವ ಮೊದಲೇ ಟ್ಯಾಂಕ್ ಇಳಿಸಿ ತೊಳೆದಿದ್ದರೆ ಆ ಖರ್ಚೂ ಇರುತ್ತಿರಲಿಲ್ಲ.

ಆದರೆ ಮೂರನೆಯದೂ ಕಟ್ಟಿದರೆ ಸುಮ್ನೆ ಬದಲಿಸಿ ಎಸೆಯಬೇಡಿ. ತೆಗೆದ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಬೆರಳಿಗೆ ಮರಳಿನಂತೆ ತಾಗುವ ಕಪ್ಪು, ಕಂದು ಕೊಳೆಯಾದರೆ ಅದು ಹಳೇ ಟ್ಯಾಂಕಿನದು. ತೊಳೆದರೆ ಮುಗಿಯಿತು. ಕಾಗದದ ಮೇಲೆ ಲೋಳೆ ಲೋಳೆಯಾಗಿ ಪದರ ಕಟ್ಟಿ, ಹುಳಿ ನಾತ ಬಂದರೆ ಅದು ಸೂಕ್ಷ್ಮಾಣು. ಡೀಸೆಲ್ಲಿನ ತಳದಲ್ಲಿ ನೀರು ನಿಂತಿದೆ, ಆ ನೀರು ಎಣ್ಣೆ ಸೇರುವ ಗೆರೆಯಲ್ಲಿ ಅವು ಬೆಳೆದಿವೆ ಅಂತ ಅರ್ಥ. ಮಾಸಲು ಬಿಳಿ ಜಿಡ್ಡು ಅಂಟಿದ್ದು, ಬೆರಳಲ್ಲಿ ತಿಕ್ಕಿದರೆ ಕರಗಿದರೆ ನಿಮಗೆ ಬಯೋಡೀಸೆಲ್ ಕೊಟ್ಟವರು ಸರಿಯಾಗಿ ತಯಾರಿಸಿಲ್ಲ. ಇಲ್ಲವೇ ತಾಳೆ ಎಣ್ಣೆಯದನ್ನು ಕೊಟ್ಟಿದ್ದಾರೆ. ತಾಳೆ ಎಣ್ಣೆಯ ಶುದ್ಧ ಬಯೋಡೀಸೆಲ್ 15 ಡಿಗ್ರಿ ಆಸುಪಾಸಿನಲ್ಲೇ ಮಬ್ಬಾಗಲು ಶುರುವಾಗುತ್ತದೆ. ಪುಷ್ಯದ ಬೆಳಗಿನ ಚಳಿಯಲ್ಲಿ ನಮ್ಮ ಕಡೆ ಅಷ್ಟು ಇಳಿಯುವುದು ದೊಡ್ಡ ಮಾತಲ್ಲ. 20 ಭಾಗ ಬೆರೆಸಿದ್ದರೆ ಈ ಕಾಟ ಬಹಳ ಕಡಿಮೆ.

ಏರಿನಲ್ಲಿ ನಿಲ್ಲುವುದಕ್ಕೆ ಇನ್ನೊಂದು ಕಾರಣ ಪೈಪ್. ಹಳೇ ಗಾಡಿಯ ರಬ್ಬರ್ ಪೈಪು, ವಾಷರುಗಳು ಬಯೋಡೀಸೆಲ್‌ಗೆ ಊದಿ ಮೆತ್ತಗಾಗುತ್ತವೆ. ಹೊರಗೆ ಒಂದು ಹನಿ ಸೋರದಿದ್ದರೂ ಒಳಗೆ ಗಾಳಿ ಎಳೆಯುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹಿಂದಿನ ಪೈಪನ್ನು ಹಿಸುಕಿ ನೋಡಿ. ಉಗುರು ಇಳಿದರೆ ಬದಲಿಸಿ. ವೈಟಾನ್ ಪೈಪ್ ಅಂತ ಕೇಳಿ ತನ್ನಿ, ಅದಕ್ಕೆ ಏನೂ ಆಗುವುದಿಲ್ಲ. ಆಮೇಲೆ ಏರ್ ತೆಗೆದು ಓಡಿಸಿ. ಇಷ್ಟೆಲ್ಲ ಮಾಡದೆ ಪಂಪ್ ಬಿಚ್ಚಿಸಿದರೆ ದುಡ್ಡು ನಿಮ್ಮದು, ಹೊಗಳಿಕೆ ಮೆಕ್ಯಾನಿಕ್‌ದು.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ನಮ್ಮ ಮಲೆನಾಡಿನಲ್ಲಿ ಬಯೋಡೀಸೆಲ್ ಗಾಡಿ ಕೆಡುವುದು ಓಡಿಸುವಾಗ ಅಲ್ಲ, ನಿಲ್ಲಿಸಿಟ್ಟಾಗ. ಬಯೋಡೀಸೆಲ್ ಬರೀ ಡೀಸೆಲ್‌ಗಿಂತ ಎಷ್ಟೋ ಪಾಲು ಜಾಸ್ತಿ ನೀರು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸನಗರ, ಆಗುಂಬೆ ಕಡೆ ಗೋಡೆಯೇ ಬೆವರುವಾಗ ಅರ್ಧ ಖಾಲಿ ಟ್ಯಾಂಕ್ ಬೆವರದೇ ಇರುತ್ತದಾ? ನಾಟಿ ಮುಗಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇ ತಿಂಗಳಲ್ಲಿ ತೆಗೆದ ಒಂದು ಟಿಲ್ಲರಿನ ಪಂಪ್ ನನ್ನ ಕೈಗೆ ಬಂದಿತ್ತು. ಎಲಿಮೆಂಟ್ ಮೇಲೆ ವಾರ್ನಿಷ್ ಬಳಿದ ಹಾಗೆ ಕಂದು ಪೊರೆ. ಹೊರಗೆ ಬರಲೇ ಇಲ್ಲ. ಟ್ಯಾಂಕಿನ ತಳದಲ್ಲಿ ಬೆರಳು ದಪ್ಪ ನೀರು. ಗೊಬ್ಬರ, ಬೀಜಕ್ಕೆ ಲೆಕ್ಕ ಇಡುವ ಮನುಷ್ಯ, ಕೊನೆಯ ಟ್ಯಾಂಕ್ ಯಾವುದರಲ್ಲಿ ಓಡಿತು ಅಂದರೆ ನೆನಪಿಲ್ಲ ಅಂದ.

ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವ ಯಂತ್ರಕ್ಕೆ ಕೊನೆಯ ಟ್ಯಾಂಕ್ ಬರೀ ಡೀಸೆಲ್‌ನಲ್ಲಿ ಓಡಿಸಿ. ಪಂಪು, ನಾಜಲ್ ಒಳಗೆ ಡೀಸೆಲ್ ಮಾತ್ರ ಉಳಿಯಲಿ. ಮತ್ತೆ ಕಂಠಮಟ್ಟ ಡೀಸೆಲ್ ತುಂಬಿಸಿ ನಿಲ್ಲಿಸಿ, ಖಾಲಿ ಜಾಗ ಇಲ್ಲದಿದ್ದರೆ ಬೆವರಲು ಗಾಳಿ ಇಲ್ಲ. ಓಡುವ ಗಾಡಿಯಾದರೆ ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಅಲುಗಿಸುವ ಮೊದಲು, ಕೆಳಗಿನ ಡ್ರೇನ್ ತಿರುಪಿ ನೀರು ಬಿಡಿ. ರಾತ್ರಿಯೆಲ್ಲ ನಿಂತಾಗ ನೀರು ತಳಕ್ಕೆ ಇಳಿದಿರುತ್ತದೆ. ಸಂಜೆ ಬಿಟ್ಟರೆ ಏನೂ ಬರುವುದಿಲ್ಲ, ನೀರೇ ಇಲ್ಲ ಅಂದುಕೊಳ್ಳುತ್ತೀರಿ.

ಬ್ಯಾರಲ್ ವಿಷಯ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆ ಬಿಗಿಯಾಗಿದ್ದರೂ ಆ ನೀರನ್ನು ಎಳೆದುಕೊಳ್ಳುತ್ತದೆ. ಮಾಡಿನ ಕೆಳಗೆ ಅಡ್ಡ ಮಲಗಿಸಿ, ಎರಡೂ ಬಿರಡೆ ಎಡಕ್ಕೊಂದು ಬಲಕ್ಕೊಂದು, ಎಣ್ಣೆಯ ಮಟ್ಟಕ್ಕಿಂತ ಕೆಳಗೇ ಇರಲಿ. ಸತುವು ಬಳಿದ ಡ್ರಮ್ಮು, ತಾಮ್ರ ಹಿತ್ತಾಳೆಯ ಪೈಪು ಬೇಡ, ಅವು ಬಯೋಡೀಸೆಲ್ ಬೇಗ ಕೆಡಿಸುತ್ತವೆ. ಆರು ತಿಂಗಳಿಗಿಂತ ಜಾಸ್ತಿ ಇಡಬೇಡಿ. ನಾನಾದರೆ ಮಳೆಗಾಲಕ್ಕೆ ಸಂಗ್ರಹವನ್ನೇ ಇಟ್ಟುಕೊಳ್ಳುವುದಿಲ್ಲ. ಇದು ನನ್ನ ಅಂಜಿಕೆ ಅಂತ ಬೇಕಾದರೆ ತಿಳಿದುಕೊಳ್ಳಿ.

ಪ್ರಶ್ನೆ: ಮನೆ ಹಿಂದೆ ಹೊಂಗೆ ಮರಗಳಿವೆ. ಗಾಣದ ಎಣ್ಣೆ ಸೋಸಿ ನೇರ ಹಾಕಬಹುದಾ? ಮನೆಯಲ್ಲೇ ಬಯೋಡೀಸೆಲ್ ಮಾಡುವ ವಿಡಿಯೋ ನೋಡಿದ್ದೇನೆ.

ನೇರ ಹಾಕಿದರೂ ಇಂಜಿನ್ ಓಡುತ್ತದೆ, ತೊಂದರೆ ಇರುವುದೇ ಅಲ್ಲಿ. ಗಾಣದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ದಪ್ಪ. ನಾಜಲ್‌ನಿಂದ ಸರಿಯಾಗಿ ಸಿಡಿಯುವುದಿಲ್ಲ. ನಾಜಲ್ ಮೂತಿಗೆ ಇದ್ದಿಲು ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ಓಡಿತ್ತು. ಅದನ್ನು ನಿಮ್ಮ ಗದ್ದೆಯಲ್ಲಿ ಉಳಲು ಬಿಟ್ಟಿರಲಿಲ್ಲ.

ಇನ್ನು ಮನೆಯಲ್ಲಿ ಮಾಡುವುದು. ನಮ್ಮ ತೇವಕ್ಕೆ ಹೊಂಗೆ ಬೀಜ ಬೇಗ ಮುಗ್ಗುತ್ತದೆ, ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಅದಕ್ಕೆ ನೇರ ಕಾಸ್ಟಿಕ್ ಹಾಕಿದರೆ ಸಿಗುವುದು ಸಾಬೂನು. ಮೊದಲು ಆಸಿಡ್‌ನ ಹಂತ, ಆಮೇಲೆ ಕಾಸ್ಟಿಕ್‌ನ ಹಂತ, ಎರಡರಲ್ಲೂ ಮೆಥನಾಲ್ ಬೇಕು. ಮೆಥನಾಲ್ 65 ಡಿಗ್ರಿಗೇ ಕುದಿಯುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆವಿಯೂ ವಿಷ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ. ಇದನ್ನು ಬಚ್ಚಲೊಲೆಯ ಮೇಲೆ ಮಾಡಲು ಹೊರಟವರನ್ನು ನೋಡಿದ್ದೇನೆ ಮಾರಾಯ್ರೇ! ವಿಡಿಯೋ ಮಾಡಿದವನ ಮನೆ ಸುಟ್ಟರೆ ಅದನ್ನು ಆತ ಹಾಕುವುದಿಲ್ಲ. ಬೀಜ ಇದ್ದರೆ ಮಾರಿ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ, ಮಾಡುವ ಕ್ರಮ ಕಲಿಯುವುದಿದ್ದರೆ ಅಲ್ಲಿಗೆ ಹೋಗಿ.

ಪ್ರಶ್ನೆ: ಶಿವಮೊಗ್ಗದಿಂದ ಮಂಗಳೂರಿಗೆ ಲೋರಿ ಓಡಿಸುತ್ತೇವೆ, ಬಿಎಸ್6 ಗಾಡಿ. ಹೆದ್ದಾರಿ ಬದಿಯಲ್ಲಿ ಟ್ಯಾಂಕರ್ ನಿಲ್ಲಿಸಿ ಕಡಿಮೆ ರೇಟಿಗೆ ಬಯೋಡೀಸೆಲ್ ಕೊಡುತ್ತಾರೆ. ಹಾಕಿಸಬಹುದಾ?

ಬೇಡ. ಆ ಟ್ಯಾಂಕರ್‌ನಲ್ಲಿ ಬಯೋಡೀಸೆಲ್ಲೇ ಇದೆ ಅಂತ ಯಾರು ಹೇಳಿದರು? ಬೇಸ್ ಆಯಿಲ್, ಕಾರ್ಖಾನೆಯ ಸಾಲ್ವೆಂಟ್‌ಗಳನ್ನು ಈ ಹೆಸರಲ್ಲಿ ಮಾರುವ ದಂಧೆ ದೇಶದ ಹಲವು ಕಡೆ ಸಿಕ್ಕಿಬಿದ್ದಿದೆ. ಬಯೋಡೀಸೆಲ್ ಮಾರಾಟಕ್ಕೆ ಕೇಂದ್ರ ಸರ್ಕಾರ 2019ರಲ್ಲೇ ನಿಯಮ ಮಾಡಿದೆ. ಕಾನೂನು ಪ್ರಕಾರ ಮಾರುವವರ ಬಳಿ ನೋಂದಣಿ, ಬಿಲ್ಲು, ಬಯೋಡೀಸೆಲ್‌ನ ಮಾನದಂಡವಾದ ಐಎಸ್ 15607 ಪ್ರಕಾರದ ಪರೀಕ್ಷಾ ವರದಿ ಎಲ್ಲ ಇರಬೇಕು. ವರದಿಯಲ್ಲಿ ಮೊದಲು ಫ್ಲಾಶ್ ಪಾಯಿಂಟ್, ಅಂದರೆ ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ ನೋಡಿ. ಶುದ್ಧ ಬಯೋಡೀಸೆಲ್‌ಗೆ ಅದು 100 ಡಿಗ್ರಿ ದಾಟಿರಬೇಕು. ಸಾಲ್ವೆಂಟ್ ಬೆರೆಸಿದ್ದರೆ ಅದೆಷ್ಟೋ ಕೆಳಗೆ ಇಳಿಯುತ್ತದೆ. ಕಡ್ಡಿ ಗೀರಿ ನೋಡುವ ಕೆಲಸ ಮಾತ್ರ ಮಾಡಬೇಡಿ.

ಅಸಲಿ ಮಾಲೇ ಆದರೂ ಬಿಎಸ್6 ಗಾಡಿಗೆ ಕೈಪಿಡಿಯಲ್ಲಿ ಬರೆದಿರುವಷ್ಟೇ. ಬಂಕಿನ ಡೀಸೆಲ್‌ನಲ್ಲಿ ನೂರಕ್ಕೆ 7 ಭಾಗದ ತನಕ ಬಯೋಡೀಸೆಲ್ ಇರಲು ಮಾನದಂಡವೇ ಒಪ್ಪುತ್ತದೆ, ಅದರ ಮೇಲೆ ನೀವು ಬೆರೆಸಲು ಹೋಗಬೇಡಿ. ಹೊಗೆ ಫಿಲ್ಟರಿನ ಮಸಿ ಸುಡಲು ಕೆಲವು ಇಂಜಿನ್‌ಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಸಿಡಿಸುತ್ತವೆ. ಬಯೋಡೀಸೆಲ್ ಬೇಗ ಆವಿಯಾಗದೆ ಗೋಡೆಯಲ್ಲಿ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಆಯಿಲ್ ತೆಳುವಾಗಿ ಬೇರಿಂಗ್‌ಗೆ ಗ್ರಹಚಾರ ಬಂದಿದೆ ಅಂತ ಲೆಕ್ಕ.

ಪ್ರಶ್ನೆ: ಕೊಂಡ ಬಯೋಡೀಸೆಲ್ ಚೆನ್ನಾಗಿದೆಯಾ ಅಂತ ಮನೆಯಲ್ಲೇ ನೋಡುವ ದಾರಿ ಇದೆಯಾ?

ಗಾಜಿನ ಬಾಟಲಿಗೆ ಅರ್ಧ ನೀರು, ಅರ್ಧ ಬಯೋಡೀಸೆಲ್ ಹಾಕಿ ಜೋರಾಗಿ ಕುಲುಕಿ. ಅರ್ಧ ಗಂಟೆಯಲ್ಲಿ ಎರಡೂ ಬೇರೆಯಾಗಿ ನಿಲ್ಲಬೇಕು. ನಡುವೆ ದಪ್ಪ ಬಿಳಿ ನೊರೆ ಉಳಿದರೆ ಸಾಬೂನು ಇದೆ, ವಾಪಸ್ ಕೊಡಿ. ಪಾಸಾಯಿತು ಅಂದಮಾತ್ರಕ್ಕೆ ಲ್ಯಾಬ್ ವರದಿ ಬೇಡ ಅಂತಲ್ಲ.

ಪ್ರಶ್ನೆ: ಮೈಲೇಜ್ ಜಾಸ್ತಿ ಬರುತ್ತದಾ?

ಇಲ್ಲ. ಶುದ್ಧ ಬಯೋಡೀಸೆಲ್‌ನಲ್ಲಿ ಲೀಟರಿಗೆ ಶಕ್ತಿ ನೂರಕ್ಕೆ ಏಳೆಂಟು ಭಾಗ ಕಡಿಮೆ. 20 ಭಾಗ ಬೆರೆಸಿದರೆ ನಿಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಟ್ಯಾಂಕಿಗೆ ಕರ್ಪೂರ, ನುಸಿಗುಳಿಗೆ ಹಾಕಿದರೆ? ಪೈಪಿಗೆ ಅಯಸ್ಕಾಂತ ಕಟ್ಟಿದರೆ?

ಕರ್ಪೂರ ದೇವರಿಗೆ, ಗುಳಿಗೆ ಕಪಾಟಿಗೆ. ಅಯಸ್ಕಾಂತ ಮಾರುವವನಿಗೆ ಬಾಗಿಲು ತೋರಿಸಿ.

ಪ್ರಶ್ನೆ: ಕಳೆ ಕೊಚ್ಚುವ ಯಂತ್ರಕ್ಕೆ ಹಾಕಬಹುದಾ?

ಅದು ಪೆಟ್ರೋಲ್ ಇಂಜಿನ್. ಬೇಡ.

ಪ್ರಶ್ನೆ: ಸಾಗರದಲ್ಲಿ ನಮ್ಮದು ಸಣ್ಣ ಹೋಟೆಲ್. ಕರಿದು ಉಳಿದ ಎಣ್ಣೆ ಬಯೋಡೀಸೆಲ್‌ಗೆ ಆಗುತ್ತದಂತೆ, ಹೌದಾ?

ಹೌದು. 2018ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇದಕ್ಕೆಂದೇ ರೂಕೋ ಯೋಜನೆ ನಡೆಸುತ್ತಿದೆ. ಅವರ ಪಟ್ಟಿಯಲ್ಲಿರುವ ಸಂಗ್ರಹಗಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಬಜ್ಜಿಯ ಚೂರು ಸೋಸಿ, ಎಣ್ಣೆ ಪೂರ್ತಿ ತಣಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ. ಡಬ್ಬಿಗೆ ನೀರು ಮಾತ್ರ ಸೇರಿಸಬೇಡಿ.