ಸ್ಲೀವ್ ಆಪರೇಷನ್ ನಂತರ ಸಂಜೆಯ ಕುರುಕಲು: ನನ್ನ ಅನುಭವ

ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಆಗಿ ಎಂಟು ತಿಂಗಳು, ಸಂಜೆ ಟಿವಿ ಮುಂದೆ ಚಕ್ಕುಲಿ ಖಾಲಿಯಾಗಿದ್ದೇ ಗೊತ್ತಾಗಲ್ಲ, ಗಮನವಿಟ್ಟು ತಿಂದರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನನಗೆ ಆಪರೇಷನ್ ಆಗಿ ನಾಲ್ಕು ವರ್ಷ. ಖಂಡಿತ ಇದೆ.

ಮೊದಲು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಜಠರದ ಮುಕ್ಕಾಲು ಭಾಗ ತೆಗೆದಿರುತ್ತಾರೆ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನ್ ಕೂಡ ಕಡಿಮೆಯಾಗಿರುತ್ತದೆ. ಆದರೆ ಬೇಜಾರು, ಹಳೆಯ ಅಭ್ಯಾಸ ಹಾಗೇ ಉಳಿಯುತ್ತವೆ, ಅಲ್ವಾ? ಅದರ ಜೊತೆಗೆ ಚಕ್ಕುಲಿ, ಬಿಸ್ಕತ್ತಿನಂಥವು ಬಾಯಲ್ಲೇ ಪುಡಿಯಾಗಿ ಬೇಗ ಜಾರಿಹೋಗುತ್ತವೆ. ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ.

ಕೈ ಡಬ್ಬಿಗೆ ಹೋದಾಗ ನಾನು ಹತ್ತು ಸಲ ನಿಧಾನವಾಗಿ ಉಸಿರಾಡುತ್ತೇನೆ. ಇದು ಹೊಟ್ಟೆಯ ಹಸಿವಾ, ಮನಸ್ಸಿನದಾ ಅಂತ ಕೇಳಿಕೊಳ್ಳುತ್ತೇನೆ. ಹೊಟ್ಟೆಯದಾದರೆ ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ ಸಣ್ಣ ತಟ್ಟೆಗೆ ಹಾಕಿ, ಟಿವಿ ಆರಿಸಿ ಕೂರುತ್ತೇನೆ. ಒಂದು ತುತ್ತು ಚೆನ್ನಾಗಿ ಅಗಿದು ನುಂಗುವವರೆಗೆ ಚಮಚ ಕೆಳಗೆ. 20 ನಿಮಿಷವಾದರೂ ಬೇಕು. ನೀರು ಅರ್ಧ ಗಂಟೆ ಬಿಟ್ಟು.

ಸಾಕು ಅನ್ನುವ ಸೂಚನೆ ಒಬ್ಬೊಬ್ಬರಿಗೆ ಒಂದೊಂದು ಥರ. ನನಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಎದೆಯ ಕೆಳಗೆ ಬಿಗಿ ಅನಿಸುತ್ತದೆ. ನಿಮ್ಮದು ಯಾವುದು ಅಂತ ಒಂದು ವಾರ ಸುಮ್ನೆ ಗಮನಿಸಿ.

ಬಿ12, ಕಬ್ಬಿಣದ ಮಾತ್ರೆ ಮಾತ್ರ ಬಿಡಬೇಡಿ. ಪದೇ ಪದೇ ವಾಂತಿಯಾದರೆ ಅಥವಾ ತಿನ್ನುವುದನ್ನು ತಡೆಯಲಾಗದಿದ್ದರೆ ಡಾಕ್ಟರಿಗೆ ತಕ್ಷಣ ಹೇಳಿ. ಮುಚ್ಚಿಟ್ಟು ನಾನು ಒಂದು ವರ್ಷ ಕಷ್ಟಪಟ್ಟೆ.