ಲಿಯೋನ್ ಯಾರ ಆಟಗಾರ? – ಸಂಪಾದಕರ ಉತ್ತರ

ಪ್ಯಾರಿಸ್ ಒಲಿಂಪಿಕ್ಸ್‌ನ ವಾಲಿಬಾಲ್ ಬಗ್ಗೆ ನಾವು ಪ್ರಕಟಿಸಿದ ಬರಹಕ್ಕೆ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಸಿಟ್ಟು ಪೋಲೆಂಡ್ ತಂಡದ ವಿಲ್ಫ್ರೆಡೊ ಲಿಯೋನ್ ಮೇಲೆ. ‘ಕ್ಯೂಬಾ ಸಾಕಿ ಬೆಳೆಸಿದ ಹುಡುಗ ಪೋಲೆಂಡಿನ ಅಂಗಿ ತೊಟ್ಟು ಬೆಳ್ಳಿ ಗೆದ್ದರೆ ಅದು ಯಾರ ಬೆಳ್ಳಿ? ಕ್ಲಬ್‌ಗಳು ದುಡ್ಡು ಕೊಟ್ಟು ಯಾರನ್ನಾದರೂ ಕೊಳ್ಳಲಿ, ದೇಶದ ತಂಡವಾದರೂ ಮಾರಾಟಕ್ಕಿಲ್ಲದ ಜಾಗವಾಗಿ ಉಳಿಯಬೇಡವೇ? ಇವನಿಂದಾಗಿ ಬೆಂಚಿನ ಮೇಲೆ ಕೂತ ಪೋಲೆಂಡಿನ ಹುಡುಗನ ಗತಿಯೇನು?’ ಎಂಬುದು ಪತ್ರದ ಸಾರಾಂಶ.

ಪತ್ರ ಚೆನ್ನಾಗಿದೆ, ಪ್ರಶ್ನೆಗಳು ನೇರವಾಗಿವೆ. ಯುವಕರಿಗೆ ತರಬೇತಿ ಕೊಡದ, ಒಳ್ಳೆಯ ಲೀಗ್ ನಡೆಸದ ದೇಶವೊಂದು ಪಾಸ್‌ಪೋರ್ಟ್ ಹಂಚಿ ತಂಡ ಕಟ್ಟಲು ಹೊರಟರೆ ಅದು ಆಟಕ್ಕೆ ಕೇಡು ಎಂಬ ನಿಮ್ಮ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಆ ದೂರಿಗೆ ಉದಾಹರಣೆಯಾಗಿ ಲಿಯೋನ್ ಅವರನ್ನು ಹಿಡಿದು ತಂದಿದ್ದೀರಲ್ಲ, ಅಲ್ಲಿ ನೀವು ಎಡವಿದ್ದೀರಿ. ‘ಮಾರಾಟ’ ಎನ್ನುವ ಮೊದಲು ಅವರ ವೃತ್ತಿಜೀವನದ ಇಸವಿಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಬೇಕಿತ್ತು.

ಲಿಯೋನ್ ಹುಟ್ಟಿದ್ದು 1993ರ ಜುಲೈನಲ್ಲಿ, ಸಾಂಟಿಯಾಗೊ ಡಿ ಕ್ಯೂಬಾದಲ್ಲಿ. 2008ರಲ್ಲಿ, 14ನೇ ವಯಸ್ಸಿಗೇ ಕ್ಯೂಬಾದ ಹಿರಿಯರ ತಂಡಕ್ಕೆ ಆಡಿದರು. 2010ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯೂಬಾ ಬೆಳ್ಳಿ ಗೆದ್ದಾಗ ಅವರಿಗೆ 17. 2013ರಲ್ಲಿ ಆ ತಂಡ ಬಿಟ್ಟರು. 2014ರಿಂದ ನಾಲ್ಕು ಋತು ರಷ್ಯಾದ ಜೆನಿತ್ ಕಜಾನ್‌ಗೆ ಆಡಿ ನಾಲ್ಕೂ ಸಲ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದರು. ಪತ್ನಿ ಪೋಲೆಂಡಿನವರು. 2015ರಲ್ಲಿ ಪೋಲೆಂಡಿನ ಪೌರತ್ವ ಸಿಕ್ಕಿತು. ಆ ದೇಶದ ಪರ ಮೊದಲ ಪಂದ್ಯ ಆಡಿದ್ದು ಮಾತ್ರ 2019ರ ಜುಲೈನಲ್ಲಿ.

ಈ ನಡುವಿನ ಖಾಲಿ ಜಾಗ ನೋಡಿ. ವಾಲಿಬಾಲ್‌ನಲ್ಲಿ ಶರತ್ಕಾಲದಿಂದ ವಸಂತದವರೆಗೆ ಕ್ಲಬ್‌ಗಳ ಋತು, ಬೇಸಿಗೆ ಪೂರ್ತಿ ದೇಶದ ತಂಡಗಳದ್ದು. 2013ರಿಂದ 2018ರವರೆಗೆ ಆರು ಬೇಸಿಗೆಗಳಲ್ಲಿ ಲಿಯೋನ್‌ಗೆ ದೇಶವೇ ಇರಲಿಲ್ಲ. ಹೊಡೆತಗಾರನ ಮೊಣಕಾಲು, ಭುಜ ಗಟ್ಟಿಯಾಗಿರುವುದೇ ಇಪ್ಪತ್ತರಿಂದ ಮೂವತ್ತರ ನಡುವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಯಿತು. ರಿಯೊ ಒಲಿಂಪಿಕ್ಸ್ ತಪ್ಪಿತು. 14ಕ್ಕೆ ದೇಶದ ತಂಡ ಸೇರಿದವರು ಮೊದಲ ಒಲಿಂಪಿಕ್ಸ್ ಅಂಗಳಕ್ಕೆ ಇಳಿದದ್ದು 27ನೇ ವಯಸ್ಸಿನಲ್ಲಿ, ಟೋಕಿಯೊದಲ್ಲಿ. ದುಡ್ಡಿನಾಸೆಗೆ ಅಂಗಿ ಬದಲಿಸುವವನು ಇಷ್ಟು ದುಬಾರಿ ದಾರಿ ಹಿಡಿಯುವುದಿಲ್ಲ. ದುಡ್ಡು ಇರುವುದು ಕ್ಲಬ್‌ನಲ್ಲಿ. ದೇಶಕ್ಕಾಗಿ ಬೇಸಿಗೆ ಪೂರ್ತಿ ಆಡುವವನು ತನ್ನ ವಿಶ್ರಾಂತಿಯ ತಿಂಗಳುಗಳನ್ನು ಬಿಟ್ಟುಕೊಟ್ಟೇ ಆಡುತ್ತಾನೆ.

ಪಾಸ್‌ಪೋರ್ಟ್ ಸಿಕ್ಕ ಮರುದಿನವೇ ಆಡಬಹುದು ಎಂದು ನೀವು ತಿಳಿದಂತಿದೆ. ಹಾಗಿಲ್ಲ. ಆಟಗಾರನ ಹೆಸರು ಮೊದಲು ನೋಂದಣಿಯಾಗುವ ದೇಶದ ವಾಲಿಬಾಲ್ ಒಕ್ಕೂಟವೇ ಅವನ ಮೂಲ ಒಕ್ಕೂಟ. ಪೌರತ್ವ ಬದಲಾದರೂ ಇದು ತಾನಾಗಿ ಬದಲಾಗುವುದಿಲ್ಲ. ಹಿಂದಿನ ಒಕ್ಕೂಟದ ಒಪ್ಪಿಗೆ ಬೇಕು, ಹೊಸ ಒಕ್ಕೂಟದ ಅರ್ಜಿ ಬೇಕು, ವಾಸದ ಪುರಾವೆ, ಶುಲ್ಕ, ಅಂತರರಾಷ್ಟ್ರೀಯ ಒಕ್ಕೂಟದ ಅನುಮತಿ, ಅದೆಲ್ಲ ಮುಗಿದ ಮೇಲೆ ಕಾಯುವ ಅವಧಿ. ಇದೂ ಜೀವನದಲ್ಲಿ ಒಂದೇ ಸಲ. ಈ ಸರಪಳಿಯಲ್ಲಿ ಸಾಮಾನ್ಯವಾಗಿ ಎಲ್ಲವೂ ಸಿಕ್ಕಿಹಾಕಿಕೊಳ್ಳುವುದು ಮೊದಲ ಕೊಂಡಿಯಲ್ಲೇ. ಹಳೆಯ ಒಕ್ಕೂಟ ಪತ್ರಕ್ಕೆ ಉತ್ತರ ಕೊಡದೆ ಸುಮ್ಮನೆ ಕೂತರೂ ಸಾಕು, ಆಟಗಾರನ ಒಂದು ಬೇಸಿಗೆ ಹೋದಂತೆಯೇ.

ಇನ್ನು ಬೆಂಚಿನ ಹುಡುಗನ ಮಾತು. ಪ್ಯಾರಿಸ್‌ಗೆ ಹೋದ ಪೋಲೆಂಡ್ ತಂಡದಲ್ಲಿ ಎಡ ಅಂಚಿನಿಂದ ಹೊಡೆಯುವ ನಾಲ್ವರು ಔಟ್‌ಸೈಡ್ ಹಿಟ್ಟರ್‌ಗಳ ಪೈಕಿ ಲಿಯೋನ್ ಬಿಟ್ಟರೆ ಉಳಿದ ಮೂವರು, ತೊಮಾಷ್ ಫೊರ್ನಾಲ್, ಅಲೆಕ್ಸಾಂಡರ್ ಶ್ಲಿವ್ಕಾ, ಕಮಿಲ್ ಸೆಮೆನ್ಯುಕ್, ಅಲ್ಲಿಯ ಕ್ಲಬ್‌ಗಳಲ್ಲೇ ಬೆಳೆದವರು. ಲಿಯೋನ್ ಇಲ್ಲದೆಯೇ ಪೋಲೆಂಡ್ 2014 ಮತ್ತು 2018ರಲ್ಲಿ ವಿಶ್ವ ಚಾಂಪಿಯನ್ ಆಗಿತ್ತು. 2022ರಲ್ಲಿ ಅವರು ಮೊಣಕಾಲಿನ ಗಾಯದಿಂದ ಹೊರಗಿದ್ದಾಗಲೂ ಫೈನಲ್ ತಲುಪಿ ಬೆಳ್ಳಿ ಗೆದ್ದಿತು. ಇಷ್ಟು ಆಟಗಾರರನ್ನು ತಯಾರು ಮಾಡುವ ದೇಶಕ್ಕೆ ಒಬ್ಬ ವಲಸಿಗನಿಂದ ಯಾವ ಹಾನಿ?

ಅವರಿಂದ ತಂಡಕ್ಕೆ ಏನು ಬಂತು ಎನ್ನುವುದನ್ನು ಅಂಗಳದಲ್ಲೇ ನೋಡಬೇಕು. ಲಿಯೋನ್ 2.02 ಮೀಟರ್ ಎತ್ತರದ ಆಳು. ಗೆರೆಯ ಹಿಂದಿನಿಂದ ಓಡಿಬಂದು ನೆಗೆದು ಅವರು ಹೊಡೆಯುವ ಸರ್ವ್ ಗಂಟೆಗೆ 130 ಕಿಲೋಮೀಟರ್ ದಾಟುತ್ತದೆ. ಎದುರಾಳಿಯ ಕೈಗೆ ಚೆಂಡು ತಲುಪಲು ಸುಮಾರು ಅರ್ಧ ಸೆಕೆಂಡು. ಅವರು ಅದನ್ನು ತೆಗೆದು ಕೊಡುವ ಪಾಸ್ ನೆಟ್‌ನಿಂದ ಮೂರು ಮೀಟರ್ ಹಿಂದಕ್ಕೆ ಬಿದ್ದರೆ ಅಲ್ಲಿಗೇ ಅರ್ಧ ಕೆಲಸ ಮುಗಿಯಿತು. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ಗೆ, ಮಧ್ಯದ ಆಟಗಾರನಿಗೆ ಚುರುಕಾಗಿ ಕೊಡುವ ದಾರಿ ಮುಚ್ಚುತ್ತದೆ, ಚೆಂಡನ್ನು ಎತ್ತರಕ್ಕೆ ಎತ್ತಿ ಯಾವುದಾದರೂ ಅಂಚಿಗೆ ಕಳಿಸಬೇಕಾಗುತ್ತದೆ, ಅಷ್ಟರಲ್ಲಿ ಎರಡು ಮೂರು ಜೋಡಿ ಕೈಗಳ ಬ್ಲಾಕ್ ಎದ್ದು ನಿಂತಿರುತ್ತದೆ. ಇದಕ್ಕೆ ಬೆಲೆಯೂ ಇದೆ. ಅಷ್ಟು ಬಲವಾಗಿ ಹೊಡೆದಾಗ ಹಲವು ಸರ್ವ್ ನೆಟ್‌ಗೆ ತಗಲುತ್ತವೆ, ಗೆರೆ ದಾಟುತ್ತವೆ.

ಔಟ್‌ಸೈಡ್ ಹಿಟ್ಟರ್ ಹೊಡೆದರಷ್ಟೇ ಸಾಲದು, ಎದುರಾಳಿಯ ಸರ್ವ್ ತೆಗೆಯಲೂ ಬೇಕು. ಎದುರಾಳಿಗಳು ಬೇಕೆಂದೇ ಲಿಯೋನ್ ಮುಂದೆ ಗಿಡ್ಡ ಸರ್ವ್ ಹಾಕುತ್ತಾರೆ. ಬಗ್ಗಿ ಚೆಂಡು ತೆಗೆದವನಿಗೆ ಹಿಂದೆ ಸರಿದು ಪೂರ್ತಿ ಓಟ ತೆಗೆದುಕೊಂಡು ನೆಗೆಯಲು ಸಮಯ ಸಿಗುವುದಿಲ್ಲ. ಹಾಗಾಗಿ ಪ್ಯಾರಿಸ್‌ನಲ್ಲಿ ಲಿಬೆರೊ, ಅಂದರೆ ಚೆಂಡು ತೆಗೆಯುವುದಕ್ಕೆಂದೇ ಇರುವ ಆಟಗಾರ, ಪಾವೆಲ್ ಜತೋರ್ಸ್ಕಿ ತಮ್ಮ ಪಾಲಿಗಿಂತ ಅಗಲವಾದ ಜಾಗ ಕಾಯಬೇಕಿತ್ತು, ಇನ್ನೊಬ್ಬ ಹಿಟ್ಟರ್ ಒಂದು ಹೆಜ್ಜೆ ಒಳಕ್ಕೆ ಬರಬೇಕಿತ್ತು. ಐದು ಮಂದಿ ತಮ್ಮ ನಿಲುವು ಬದಲಿಸಿಕೊಂಡು ಒಬ್ಬನನ್ನು ತಮ್ಮವನನ್ನಾಗಿ ಮಾಡಿಕೊಳ್ಳುವ ಕೆಲಸ ಇದು. ದುಡ್ಡು ಸುರಿದರೆ ಇದು ಬರುವುದಿಲ್ಲ, ಒಟ್ಟಿಗೆ ಕಳೆದ ಬೇಸಿಗೆಗಳಿಂದ ಬರುತ್ತದೆ.

ಟರ್ಕಿಯ ಮಹಿಳಾ ತಂಡದಲ್ಲಿ ಕಥೆ ಬೇರೆ. ಕ್ಯೂಬಾದ ಸಿಯೆನ್‌ಫ್ವೇಗೊಸ್‌ನಲ್ಲಿ ಹುಟ್ಟಿದ ಮೆಲಿಸಾ ವರ್ಗಾಸ್ 2021ರಲ್ಲಿ ಟರ್ಕಿಯ ಪೌರತ್ವ ಪಡೆದು 2023ರಿಂದ ಆಡತೊಡಗಿದರು. ಅವರು ಅಪೊಸಿಟ್, ಅಂದರೆ ಬಲ ಅಂಚಿನಿಂದ ಹೊಡೆಯುವವರು, ಸರ್ವ್ ತೆಗೆಯುವ ಹೊಣೆ ಇಲ್ಲ, ಸೆಟ್ಟರ್ ಜೊತೆ ಹೊಂದಿಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಆದರೆ ಆ ಜಾಗದಲ್ಲಿದ್ದ ಎಬ್ರಾರ್ ಕರಾಕುರ್ಟ್ ಔಟ್‌ಸೈಡ್‌ಗೆ ಸರಿದು, ಅದುವರೆಗೆ ತಮ್ಮದಲ್ಲದ ಸರ್ವ್ ತೆಗೆಯುವ ಕೆಲಸಕ್ಕೂ ನಿಲ್ಲಬೇಕಾಯಿತು. ನೀವು ಹೇಳುವ ‘ಜಾಗ ಕಳೆದುಕೊಂಡವರ’ ನೋವು ಇಲ್ಲಿ ನಿಜಕ್ಕೂ ಇತ್ತು. ಅದೇ ಬೇಸಿಗೆ ಆ ಇಬ್ಬರೂ ಒಂದೇ ಅಂಗಳದಲ್ಲಿ ನಿಂತು ಟರ್ಕಿಗೆ ನೇಷನ್ಸ್ ಲೀಗ್ ಗೆದ್ದುಕೊಟ್ಟರು, ಆಮೇಲೆ ಸರ್ಬಿಯಾವನ್ನು 3-2ರಿಂದ ಮಣಿಸಿ ಯುರೋಪಿಯನ್ ಚಾಂಪಿಯನ್‌ಷಿಪ್ಪನ್ನೂ ಗೆದ್ದರು.

ನಿಮ್ಮ ಪತ್ರದಲ್ಲಿ ತರಬೇತುದಾರರ ಸುದ್ದಿಯೇ ಇಲ್ಲವಲ್ಲ, ಏಕೆ? ಪೋಲೆಂಡ್ 2014ರಲ್ಲಿ ಗೆದ್ದದ್ದು ಫ್ರಾನ್ಸಿನ ಸ್ಟೆಫಾನ್ ಆಂಟಿಗಾ ಕೈಕೆಳಗೆ, 2018ರಲ್ಲಿ ಬೆಲ್ಜಿಯಂನ ವಿಟಾಲ್ ಹೈನನ್ ಕೈಕೆಳಗೆ. ಪ್ಯಾರಿಸ್ ಫೈನಲ್‌ನಲ್ಲಿ ಪೋಲೆಂಡನ್ನು 3-0ಯಿಂದ ಸೋಲಿಸಿದ ಫ್ರಾನ್ಸಿನ ತರಬೇತುದಾರ ಇಟಲಿಯ ಆಂದ್ರೆಯಾ ಜಾನಿ. ಪಂದ್ಯದ ತಂತ್ರವನ್ನೆಲ್ಲ ಹೆಣೆಯುವವನು ಹೊರಗಿನವನಾದರೆ ಯಾರೂ ಆ ಚಿನ್ನ ಯಾರದೆಂದು ಕೇಳುವುದಿಲ್ಲ. ಬೆವರು ಸುರಿಸುವವನಿಗೆ ಮಾತ್ರ ಈ ಪರೀಕ್ಷೆ. ಲಿಯೋನ್‌ಗೆ ತರಬೇತಿ ಕೊಡುವ ನಿಕೋಲಾ ಗ್ರಬಿಚ್ ಅವರನ್ನೇ ನೋಡಿ. 2000ದಲ್ಲಿ ಸಿಡ್ನಿಯಲ್ಲಿ ಚಿನ್ನ ಗೆದ್ದಾಗ ಅವರ ಅಂಗಿಯ ಮೇಲೆ ಯುಗೊಸ್ಲಾವಿಯಾ ಎಂದಿತ್ತು, 2008ರ ಬೀಜಿಂಗ್‌ನಲ್ಲಿ ಸರ್ಬಿಯಾ ಎಂದಿತ್ತು. ಸೋವಿಯತ್ ಒಕ್ಕೂಟಕ್ಕೆ 1988ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದ ಸೆಟ್ಟರ್ ಇರಿನಾ ಕಿರಿಲ್ಲೊವಾ ಆಮೇಲೆ ಕ್ರೊಯೇಷಿಯಾಕ್ಕೆ ಆಡಿದರು. ದೇಶಗಳೇ ಹೆಸರು, ಗಡಿ ಬದಲಿಸಿಕೊಳ್ಳುತ್ತಿರುವ ಕಾಲದಲ್ಲಿ ಆಟಗಾರನೊಬ್ಬನೇ ಅಲುಗಾಡದೆ ನಿಂತಿರಬೇಕು ಎನ್ನುವುದು ಯಾವ ನ್ಯಾಯ?

ಹಾಗಾದರೆ ಕ್ಯೂಬಾಕ್ಕೆ ಆದ ನಷ್ಟ? ಆಗಿದೆ, ದೊಡ್ಡ ನಷ್ಟವೇ ಆಗಿದೆ. 1992, 1996, 2000 ಹೀಗೆ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದ ಅಲ್ಲಿನ ಮಹಿಳಾ ತಂಡ 2008ರ ಬಳಿಕ ಒಲಿಂಪಿಕ್ಸ್‌ಗೇ ಹೋಗಿಲ್ಲ. ಅವುಗಳಲ್ಲಿ ಎರಡು ಚಿನ್ನ ಗೆದ್ದ ತಂಡದಲ್ಲಿದ್ದ ತೈಸ್ಮರಿ ಅಗ್ವೇರೊ 2007ರಲ್ಲಿ ಇಟಲಿಯ ಪರ ವಿಶ್ವಕಪ್ ಗೆದ್ದರು. ಒಸ್ಮಾನಿ ಹ್ವಾಂತೊರೇನಾ ಇಟಲಿಗೆ ಹೋದರು, ಯೋಆಂಡಿ ಲೆಯಾಲ್ ಬ್ರೆಜಿಲ್‌ಗೆ ಹೋದರು. ಒಬ್ಬಿಬ್ಬರು ಹೋದರೆ ಅವರ ಗುಣ ಶಂಕಿಸಬಹುದು, ಸಾಲುಸಾಲಾಗಿ ಹೋದರೆ ಮನೆಯ ಯಜಮಾನನನ್ನೇ ಕೇಳಬೇಕು. ಹೊರದೇಶದ ಕ್ಲಬ್‌ಗೆ ಆಡಬೇಕೆಂದವರಿಗೆ ಅಲ್ಲಿನ ಒಕ್ಕೂಟ ವರ್ಷಗಟ್ಟಲೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿತ್ತು. ಆ ನಿಲುವು ಸಡಿಲಿಸಿದ ಮೇಲೆ ಏನಾಯಿತು? 2010ರ ಬೆಳ್ಳಿ ತಂಡದ ರೊಬರ್ಟ್‌ಲಾಂಡಿ ಸಿಮೋನ್, ಇಟಲಿಯ ಕ್ಲಬ್‌ಗಳಲ್ಲಿ ಆಡುತ್ತಲೇ ಕ್ಯೂಬಾ ತಂಡಕ್ಕೆ ಮರಳಿದರು.

ವೈದ್ಯನೋ ವಿಜ್ಞಾನಿಯೋ ಬೇರೆ ದೇಶದ ಪೌರನಾಗಿ ಅಲ್ಲಿ ಪ್ರಶಸ್ತಿ ಗೆದ್ದರೆ ಹೆಮ್ಮೆಪಡುವ ನಾವು, ಆಟಗಾರ ಅದನ್ನೇ ಮಾಡಿದರೆ ನಿಷ್ಠೆಯ ಲೆಕ್ಕ ಕೇಳುತ್ತೇವೆ. ಈ ಲೆಕ್ಕ ಕೇಳುವ ಚಟ ವಲಸಿಗರಿಗೇ ನಿಲ್ಲುವುದೂ ಇಲ್ಲ. ಪವೋಲಾ ಎಗೋನು ಹುಟ್ಟಿದ್ದೇ ಇಟಲಿಯಲ್ಲಿ, ತಂದೆತಾಯಿ ನೈಜೀರಿಯಾದವರು. 2024ರಲ್ಲಿ ಇಟಲಿಗೆ ವಾಲಿಬಾಲ್‌ನ ಮೊದಲ ಒಲಿಂಪಿಕ್ ಚಿನ್ನ ತಂದ ತಂಡದ ಮುಖ್ಯ ಹೊಡೆತಗಾರ್ತಿ ಅವರೇ. ರೋಮ್‌ನಲ್ಲಿ ಇಟಲಿಯ ಒಲಿಂಪಿಕ್ ಸಮಿತಿಯ ಕಚೇರಿ ಬಳಿ ಬಿಡಿಸಿದ್ದ ಅವರ ಗೋಡೆಚಿತ್ರದ ಮೈಬಣ್ಣದ ಮೇಲೆ ಕೆಲವೇ ದಿನಗಳಲ್ಲಿ ಯಾರೋ ಗುಲಾಬಿ ಬಣ್ಣ ಬಳಿದರು. ನಿಮ್ಮ ಪತ್ರಕ್ಕೂ ಆ ಕೈಗೂ ಸಂಬಂಧ ಕಲ್ಪಿಸುತ್ತಿಲ್ಲ. ‘ಇವನು ನಿಜವಾಗಿ ಅವರವನೇ?’ ಎಂಬ ಪ್ರಶ್ನೆಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಯೋಚಿಸಿ ಎನ್ನುತ್ತಿದ್ದೇವೆ, ಅಷ್ಟೆ.

ಬೆಳೆಸಿದ ಒಕ್ಕೂಟಕ್ಕೆ ತರಬೇತಿಯ ವೆಚ್ಚ ಸಲ್ಲಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಪ್ಪಿಗೆಪತ್ರವನ್ನು ಬೀಗದಂತೆ ಬಳಸುವುದು ನಿಲ್ಲಬೇಕು. ಅರ್ಜಿಗೆ ಇಷ್ಟೇ ದಿನದಲ್ಲಿ ಉತ್ತರ ಕೊಡಬೇಕೆಂದು ಗಡುವಿರಲಿ, ಕಾಯುವ ಅವಧಿಯನ್ನು ಆಟಗಾರ ಹೊಸ ದೇಶದಲ್ಲಿ ನೆಲೆಸಿದ ದಿನದಿಂದಲೇ ಎಣಿಸಲಿ. ನಿಮ್ಮ ಬರವಣಿಗೆಯಲ್ಲಿ ಬಿಸಿ ಇದೆ. ಮುಂದಿನ ಪತ್ರದಲ್ಲಿ ಅದನ್ನು ಆಟಗಾರರ ಬದಲು ಒಕ್ಕೂಟದ ಪದಾಧಿಕಾರಿಗಳ ಕಡೆ ತಿರುಗಿಸಿ, ಒಂದು ಸಾಲೂ ಕತ್ತರಿಸದೆ ಪ್ರಕಟಿಸುತ್ತೇವೆ.

– ಸಂಪಾದಕ